ಮಗಳಿಗೆ ಹೊಸ ಕ್ಯಾಮೆರಾ ಕೊಡಿಸುವ ಮೊದಲು ಅವಳ ಕೆಟ್ಟ ಫೋಟೊಗಳನ್ನು ನೋಡಿ

ಪಿಯುಸಿ ಓದುವ ಮಗಳ ಕೈಯಲ್ಲಿ ಎರಡು ವರ್ಷದಿಂದ ಕ್ಯಾನನ್ 1500ಡಿ ಇದೆ, ಜೊತೆಗೆ ಬಂದ 18-55ಎಂಎಂ ಕಿಟ್ ಲೆನ್ಸ್ ಇದೆ (ಎಂಎಂ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ). ಈಗ ಅವಳಿಗೆ ಇದಕ್ಕಿಂತ ಒಳ್ಳೆಯ ಕ್ಯಾಮೆರಾ ಬೇಕು. ಅಂಗಡಿಗೆ ಹೋಗಿ ಕೇಳಿದರೆ ಮೊದಲು ಕಣ್ಣಿಗೆ ಬೀಳುವುದು ಹೊಸ ಬಾಡಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ. ಆದರೆ ಈ ಹಂತದಲ್ಲಿರುವ ಬಹುಪಾಲು ಮಕ್ಕಳಿಗೆ ಬೇಕಾಗಿರುವುದು ಬಾಡಿ ಅಲ್ಲ, ಲೆನ್ಸ್. ಯಾವ ಲೆನ್ಸ್ ಎನ್ನುವುದಕ್ಕೆ ಉತ್ತರ ಅವಳು ಬೇಸರದಿಂದ ಬದಿಗಿಟ್ಟ ಫೋಟೊಗಳಲ್ಲೇ ಇರುತ್ತದೆ.

ಮಬ್ಬು ಮೂರು ಥರ

ಕಳೆದ ಮೂರು ತಿಂಗಳಲ್ಲಿ ತೆಗೆದ, ಅವಳಿಗೇ ಹಿಡಿಸದ ಐವತ್ತು ಫೋಟೊ ಆರಿಸಲು ಹೇಳಿ. ಎಲ್ಲ ಅಳಿಸಿಬಿಟ್ಟಿದ್ದರೆ ಇನ್ನೊಂದು ತಿಂಗಳು ಏನನ್ನೂ ಅಳಿಸದೆ ಇಟ್ಟುಕೊಳ್ಳಲಿ. ಒಂದೊಂದನ್ನೂ ಕಂಪ್ಯೂಟರಿನಲ್ಲಿ ನೂರು ಪರ್ಸೆಂಟಿಗೆ ದೊಡ್ಡದು ಮಾಡಿ, ಇಬ್ಬರೂ ಕೂತು ನೋಡಿ.

ಇಡೀ ಫೋಟೊ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅಲುಗಿದೆ. ಹಿಂದಿನ ಗೋಡೆ ಚೂಪಾಗಿದ್ದು ಓಡುವ ಮಗು ಮಾತ್ರ ಮಬ್ಬಾಗಿದ್ದರೆ ಶಟರ್ ಸ್ಪೀಡ್ ಸಾಲದು, ಶಟರ್ ಹೆಚ್ಚು ಹೊತ್ತು ತೆರೆದಿತ್ತು. ಮುಖ ಮಬ್ಬಾಗಿ ಪಕ್ಕದ ಕಂಬ ಚೂಪಾಗಿದ್ದರೆ ಫೋಕಸ್ ತಪ್ಪಿದೆ. ಮೂರಕ್ಕೂ ಮದ್ದು ಬೇರೆ ಬೇರೆ. ಕೈ ಅಲುಗುವುದಕ್ಕೆ ಖರ್ಚೇ ಬೇಡ: 55ಎಂಎಂನಲ್ಲಿ 1/90 ಸೆಕೆಂಡಿಗಿಂತ, 250ಎಂಎಂನಲ್ಲಿ 1/400ಕ್ಕಿಂತ ನಿಧಾನಕ್ಕೆ ಇಳಿಯದಿದ್ದರೆ ಸಾಕು, ಲೆನ್ಸಿನಲ್ಲಿ ಐಎಸ್ (ಅಲುಗಾಟ ತಡೆಯುವ ವ್ಯವಸ್ಥೆ) ಇದ್ದರೆ ಇನ್ನೂ ಸ್ವಲ್ಪ ಇಳಿಯಬಹುದು. ಫೋಕಸ್ ತಪ್ಪುತ್ತಿದ್ದರೆ ಎಲ್ಲ ಪಾಯಿಂಟುಗಳನ್ನೂ ಕ್ಯಾಮೆರಾಕ್ಕೆ ಬಿಟ್ಟುಕೊಡದೆ ನಡುವಿನ ಒಂದೇ ಪಾಯಿಂಟ್ ಆರಿಸಿ, ಚಲಿಸುವುದಕ್ಕೆ ಬಿಡದೆ ಹಿಂಬಾಲಿಸುವ ಎಐ ಸರ್ವೊ ಫೋಕಸ್ ಹಾಕಿ ತಿಂಗಳು ಅಭ್ಯಾಸ ಮಾಡಲಿ. ದುಡ್ಡು ಖರ್ಚಾಗಬೇಕಾದ ಜಾಗ ಎರಡನೆಯದು, ಬೆಳಕು ಸಾಲದೆ ಶಟರ್ ನಿಧಾನವಾಗುವುದು.

ರಂಗದ ಫೋಟೊ ಹೆಚ್ಚಿದ್ದರೆ

ಯಕ್ಷಗಾನದ ಬಯಲಾಟವನ್ನೇ ತೆಗೆದುಕೊಳ್ಳಿ. ಕಿಟ್ ಲೆನ್ಸನ್ನು 55ಕ್ಕೆ ಎಳೆದಾಗ ಅದು ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ (ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ, ಅಂದರೆ ಅಪರ್ಚರ್, ದೊಡ್ಡದು). ಐಎಸ್‌ಒ 3200ಕ್ಕೆ ಏರಿಸಿ, ಬೆಳಕು ಹಿಡಿಯುವ ಸೆನ್ಸರ್ ಹೆಚ್ಚು ಸ್ಪಂದಿಸುವಂತೆ ಮಾಡಿದರೂ ಶಟರ್ 1/60 ಸಿಕ್ಕಿತು ಎಂದುಕೊಳ್ಳೋಣ. ಧೀಂಗಿಣ ಹೊಡೆಯುವ, ಅಂದರೆ ಗಿರಕಿ ತಿರುಗುವ ವೇಷ 1/60ರಲ್ಲಿ ಬಣ್ಣದ ಗೆರೆಯಾಗಿ ಬೀಳುತ್ತದೆ. ಅದೇ ಜಾಗದಲ್ಲಿ, ಅದೇ ಐಎಸ್‌ಒದಲ್ಲಿ ಎಫ್/1.8 ಲೆನ್ಸ್ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ, ಶಟರ್ 1/500 ದಾಟುತ್ತದೆ. ಬಾಡಿ ಬದಲಿಸಿ ಇಷ್ಟು ಲಾಭ ಪಡೆಯುವುದು ಎಷ್ಟು ದುಡ್ಡು ಕೊಟ್ಟರೂ ಕಷ್ಟ.

ಹಾಗಾಗಿ ಮೊದಲ ಖರೀದಿ ಇಎಫ್ 50ಎಂಎಂ ಎಫ್/1.8 ಎಸ್‌ಟಿಎಂ. 2015ರಲ್ಲಿ ಬಂದ ಲೆನ್ಸ್, ತೂಕ 160 ಗ್ರಾಂ. ಜೂಮ್ ಇಲ್ಲ, ಕಾಲೇ ಜೂಮ್. ಆರು ಮೀಟರ್ ದೂರದಲ್ಲಿ ಕೂತು ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದರೆ ಸುಮಾರು 2.7 ಮೀಟರ್ ಎತ್ತರ ಚೌಕಟ್ಟಿಗೆ ಬರುತ್ತದೆ: ಗೆಜ್ಜೆಯಿಂದ ಕಿರೀಟದವರೆಗೆ ಇಡೀ ವೇಷ.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗವಿದೆ. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವವರ ಮುಖವನ್ನು ಒಂದು ಮೀಟರಿನಿಂದ ಎಫ್/1.8ರಲ್ಲಿ ತೆಗೆದರೆ ಚೂಪಾಗಿ ಬರುವ ಆಳ ಮೂರು ಸೆಂಟಿಮೀಟರೂ ಇರುವುದಿಲ್ಲ. ಮುಂದಲೆಯ ಜರಿಗೆ ಫೋಕಸ್ ಸಿಕ್ಕಿ ಕಣ್ಣು ಮಬ್ಬಾಗುತ್ತದೆ. ಮಗಳು ಲೆನ್ಸನ್ನೇ ಬೈಯುತ್ತಾಳೆ. ಅಷ್ಟು ಹತ್ತಿರದಲ್ಲಿ ಎಫ್/2.8ಕ್ಕೆ ಇಳಿಸಿ, ಪಾಯಿಂಟನ್ನು ಹತ್ತಿರದ ಕಣ್ಣಿನ ಮೇಲೇ ಇಡಬೇಕು.

ನಿಕಾನ್ ಇರುವವರಿಗೆ ಒಂದು ಎಚ್ಚರ: ಡಿ3500, ಡಿ5600 ಬಾಡಿಗಳ ಒಳಗೆ ಫೋಕಸ್ ಮೋಟಾರ್ ಇಲ್ಲ. ಅಗ್ಗಕ್ಕೆ ಸಿಗುವ ಹಳೆಯ 50ಎಂಎಂ ಎಎಫ್-ಡಿ ತಂದರೆ ಕೈಯಲ್ಲೇ ತಿರುಗಿಸಿ ಫೋಕಸ್ ಮಾಡಬೇಕು. ಎಎಫ್-ಎಸ್ ಎಂದು ಬರೆದಿರುವುದನ್ನೇ ಕೊಳ್ಳಿ, 35ಎಂಎಂ ಎಫ್/1.8ಜಿ ಡಿಎಕ್ಸ್ ಆದರೆ ಮನೆಯೊಳಗೂ ಹಿಂದೆ ಸರಿಯಲು ಜಾಗ ಸಾಲುತ್ತದೆ.

ಹಕ್ಕಿ ಹಿಂದೆ ಬಿದ್ದಿದ್ದರೆ

ಮೊದಲು ಇಎಫ್-ಎಸ್ 55-250 ಐಎಸ್ ಎಸ್‌ಟಿಎಂ. ತೂಕ 375 ಗ್ರಾಂ, ಹದಿನಾರರ ಹುಡುಗಿ ದಿನವಿಡೀ ಹೊರಬಲ್ಲಳು. ರಂಗನತಿಟ್ಟಿನ ದೋಣಿಯಲ್ಲಿ 20 ಮೀಟರ್ ದೂರಕ್ಕೆ 250ಎಂಎಂನ ಚೌಕಟ್ಟು ಸುಮಾರು 1.8 ಮೀಟರ್ ಅಗಲ, 1.2 ಮೀಟರ್ ಎತ್ತರ ಹಿಡಿಯುತ್ತದೆ. ಬಣ್ಣದ ಕೊಕ್ಕರೆ ಚೆನ್ನಾಗಿ ತುಂಬಿಕೊಳ್ಳುತ್ತದೆ, ಮಿಂಚುಳ್ಳಿ ಚುಕ್ಕೆಯಾಗುತ್ತದೆ. ಐಎಸ್ ತಡೆಯುವುದು ಕೈಯ ಅಲುಗಾಟವನ್ನು ಮಾತ್ರ, ಹಾರುವ ರೆಕ್ಕೆಯನ್ನಲ್ಲ. ಹಾರುವುದಕ್ಕೆ 1/1000ಕ್ಕಿಂತ ಕೆಳಗೆ ಹೋಗಬೇಡಿ.

ಚಿಕ್ಕ ಹಕ್ಕಿಗಾಗಿ ನಿಕಾನ್ ಪಿ950 ಥರದ ಭಾರಿ ಜೂಮ್ ಕ್ಯಾಮೆರಾ ಆಸೆ ಹುಟ್ಟಿಸುತ್ತದೆ. ಬಿಸಿಲಲ್ಲಿ ಅದು ನಿಜಕ್ಕೂ ಚೆನ್ನ. ಆದರೆ ಅದರ ಸೆನ್ಸರ್ 1500ಡಿ ಸೆನ್ಸರಿನ ಹನ್ನೆರಡನೆಯ ಒಂದು ಭಾಗದಷ್ಟೇ ದೊಡ್ಡದು. ಹಕ್ಕಿ ಚುರುಕಾಗಿರುವ ಮುಂಜಾವಿನಲ್ಲೇ ಅದು ಸೋಲುತ್ತದೆ.

ಮಳೆಗಾಲದ ಕಪ್ಪೆ, ಹುಳುಗಳ ಹುಚ್ಚಿದ್ದರೆ 50ಎಂಎಂಗೆ ಎಕ್ಸ್‌ಟೆನ್ಷನ್ ಟ್ಯೂಬ್ ಸಾಕು, ಲೆನ್ಸ್ ಮತ್ತು ಬಾಡಿಯ ನಡುವೆ ಹಾಕಿದರೆ ತೀರಾ ಹತ್ತಿರದ್ದಕ್ಕೂ ಫೋಕಸ್ ಆಗುವ ಟೊಳ್ಳು ಕೊಳವೆ ಅದು. ಒಳಗೆ ಲೋಹದ ಕಾಂಟ್ಯಾಕ್ಟ್ ಪಿನ್ ಇರುವುದನ್ನೇ ತನ್ನಿ. ಪಿನ್ ಇಲ್ಲದ್ದರಲ್ಲಿ ಅಪರ್ಚರ್ ಬದಲಿಸಲೂ ಆಗುವುದಿಲ್ಲ, ಫೋಕಸ್ಸೂ ಆಗುವುದಿಲ್ಲ.

ಬಾಡಿ ಯಾವಾಗ

ಒಳ್ಳೆಯ ಬೆಳಕು, 1/1000 ಶಟರ್, ಎಐ ಸರ್ವೊ ಎಲ್ಲ ಸರಿ ಇದ್ದೂ ಹಾರುವ ಹಕ್ಕಿ ಮೇಲಿಂದ ಮೇಲೆ ತಪ್ಪುತ್ತಿದ್ದರೆ ಆಗ ಬಾಡಿಯ ಮಿತಿ ಬಂದಿದೆ. 1500ಡಿಯಲ್ಲಿ ಫೋಕಸ್ ಪಾಯಿಂಟ್ ಒಂಬತ್ತೇ, ಅದರಲ್ಲಿ ಅಡ್ಡ, ಉದ್ದ ಎರಡೂ ಗೆರೆ ಗುರುತಿಸುವ ಕ್ರಾಸ್ ಟೈಪ್ ನಡುವಿನದೊಂದೇ. ಸೆಕೆಂಡಿಗೆ ಮೂರು ಫೋಟೊ.

ಆಗ ನೋಡಬೇಕಾದದ್ದು 2022ರ ಕ್ಯಾನನ್ ಆರ್10, ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಬಾಡಿ. ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಹಿಡಿಯುತ್ತದೆ, ಮೆಕ್ಯಾನಿಕಲ್ ಶಟರಿನಲ್ಲೇ ಸೆಕೆಂಡಿಗೆ 15 ಫೋಟೊ. ಇಎಫ್-ಇಒಎಸ್ ಆರ್ ಅಡಾಪ್ಟರ್ ಹಾಕಿದರೆ ಹಳೆಯ 50 ಮತ್ತು 55-250 ಎರಡೂ ಆಟೊಫೋಕಸ್ ಸಮೇತ ನಡೆಯುತ್ತವೆ. ಅಡಾಪ್ಟರಿನಲ್ಲಿ ಗಾಜೇ ಇಲ್ಲ, ಆದ್ದರಿಂದ ಗುಣ ಕೆಡುವುದಿಲ್ಲ. ಇದಕ್ಕಾಗಿಯೇ ಲೆನ್ಸ್ ಮೊದಲು ಎನ್ನುವುದು: ಮೊದಲು ಹಾಕಿದ ದುಡ್ಡು ಮುಂದಿನ ಬಾಡಿಗೂ ಬರುತ್ತದೆ. ಬ್ಯಾಟರಿ ಮಾತ್ರ ಬರುವುದಿಲ್ಲ. 1500ಡಿಯದು ಎಲ್‌ಪಿ-ಇ10, ಆರ್10ದು ಎಲ್‌ಪಿ-ಇ17. ಮಿರರ್‌ಲೆಸ್‌ನಲ್ಲಿ ಚಾರ್ಜ್ ಬೇಗ ಇಳಿಯುತ್ತದೆ, ಇನ್ನೊಂದು ಬ್ಯಾಟರಿಯನ್ನು ಬಜೆಟ್ಟಿನಲ್ಲೇ ಸೇರಿಸಿ.

ಆರ್50 ಇನ್ನೂ ಅಗ್ಗ, ಹಗುರ. ಆದರೆ ಡಯಲ್ ಒಂದೇ. ಶಟರ್ ಮತ್ತು ಅಪರ್ಚರ್ ಎರಡನ್ನೂ ಕೈಯಾರೆ ಬದಲಿಸಿ ಕಲಿಯುವವಳಿಗೆ ಆರ್10ರ ಎರಡು ಡಯಲ್ ದೊಡ್ಡ ಅನುಕೂಲ. ಮನೆಯಲ್ಲಿರುವ ಹಳೆಯ ಫ್ಲಾಶ್ ಕೂಡ ಆರ್50ರ ಮೇಲೆ ನೇರವಾಗಿ ನಡೆಯುವುದಿಲ್ಲ, ಎಡಿ-ಇ1 ಎಂಬ ಅಡಾಪ್ಟರ್ ಬೇಕು.

ಬಾಡಿಯನ್ನು ಒಂಟಿಯಾಗಿ ಕೊಳ್ಳುವುದೇ ಮೇಲು. ಜೊತೆಗೆ ಬರುವ 18-45 ಕಿಟ್ ಲೆನ್ಸ್ ಕೊನೆಯಲ್ಲಿ ಎಫ್/6.3, ಅವಳ ಹಳೆಯ 18-55ಕ್ಕಿಂತಲೂ ಕಡಿಮೆ ಬೆಳಕು ಬಿಡುವ ಲೆನ್ಸ್.

ಫುಲ್ ಫ್ರೇಮ್ (ಇನ್ನೂ ದೊಡ್ಡ ಸೆನ್ಸರಿನ ಕ್ಯಾಮೆರಾ) ಬೇಕೆಂದು ಹಟ ಹಿಡಿದರೆ ಒಂದು ಲೆಕ್ಕ ತೋರಿಸಿ. 24 ಮೆಗಾಪಿಕ್ಸೆಲ್ಲಿನ ಆರ್8ಕ್ಕೆ ಚಿಕ್ಕ ಸೆನ್ಸರಿಗೆಂದೇ ಮಾಡಿದ 55-250 ಹಾಕಿದರೆ ಕ್ಯಾಮೆರಾ ಚೌಕಟ್ಟಿನ ನಡುಭಾಗವನ್ನಷ್ಟೇ ಬಳಸುತ್ತದೆ, ಕೈಗೆ ಸಿಗುವುದು ಸುಮಾರು 9 ಮೆಗಾಪಿಕ್ಸೆಲ್. 50ಎಂಎಂ ಬಿಟ್ಟು ಉಳಿದ ಲೆನ್ಸುಗಳನ್ನು ಮತ್ತೆ ಕೊಳ್ಳಬೇಕು, ಅವು ದುಬಾರಿ, ಭಾರ.

ಸೆಕೆಂಡ್‌ಹ್ಯಾಂಡ್ ಆದರೆ

ನಮ್ಮ ಕರಾವಳಿ, ಮಲೆನಾಡಿನ ಲೆನ್ಸುಗಳಲ್ಲಿ ಮೊದಲು ಹುಡುಕಬೇಕಾದದ್ದು ಫಂಗಸ್. ಎರಡೂ ಕ್ಯಾಪ್ ತೆಗೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಓರೆಯಾಗಿ ಬಿಟ್ಟು, ಮುಂದಿನಿಂದ ನೋಡಿ, ನಿಧಾನಕ್ಕೆ ತಿರುಗಿಸಿ. ಒಂದೆರಡು ಧೂಳಿನ ಕಣ ಎಲ್ಲ ಲೆನ್ಸಿನಲ್ಲೂ ಇರುತ್ತದೆ, ಚಿಂತೆ ಬೇಡ. ಅಂಚಿನಿಂದ ಒಳಕ್ಕೆ ಕವಲೊಡೆದ ಬೇರಿನಂತೆ, ಜೇಡರ ಬಲೆಯಂತೆ ಬಿಳಿ ಎಳೆ ಕಂಡರೆ ಎಷ್ಟೇ ಅಗ್ಗವಾದರೂ ಬೇಡ. ತೆಗೆಸಿದರೂ ಗಾಜಿನ ಲೇಪದ ಮೇಲೆ ಕಲೆ ಉಳಿಯಬಹುದು.

ಬಾಡಿ ನೋಡುವಾಗ ಎಫ್/22 ಇಟ್ಟು ಬಿಳಿ ಆಕಾಶದ ಒಂದು ಫೋಟೊ ತೆಗೆಯಿರಿ. ಕಪ್ಪು ಚುಕ್ಕೆಗಳು ಸೆನ್ಸರಿನ ಧೂಳು, ತೊಳೆಸಿದರೆ ಹೋಗುತ್ತವೆ. ಗೆರೆ ಇದ್ದರೆ ಗೀರು ಬಿದ್ದಿರಬಹುದು, ಕೊಳ್ಳಬೇಡಿ. ನಿಕಾನ್‌ನಲ್ಲಿ ಫೋಟೊದ ಫೈಲಿನೊಳಗೇ ಶಟರ್ ಕೌಂಟ್ (ಈವರೆಗೆ ಎಷ್ಟು ಫೋಟೊ ತೆಗೆದಿದೆ ಎಂಬ ಲೆಕ್ಕ) ಸಿಗುತ್ತದೆ, ಬಹುತೇಕ ಕ್ಯಾನನ್ ಬಾಡಿಗಳಲ್ಲಿ ಸಿಗುವುದಿಲ್ಲ. ಬಿಲ್ಲಿನಲ್ಲಿರುವ ಸೀರಿಯಲ್ ನಂಬರ್ ಬಾಡಿಯ ಮೇಲಿರುವುದಕ್ಕೆ ತಾಳೆಯಾಗಬೇಕು.

ತಂದ ದಿನವೇ ಅವಳ ಆ ಕೆಟ್ಟ ಐವತ್ತು ಫೋಟೊಗಳಲ್ಲಿ ಐದನ್ನು ಆರಿಸಿ, ಅದೇ ಹೊತ್ತಿಗೆ ಅದೇ ಜಾಗದಲ್ಲಿ ಮತ್ತೆ ತೆಗೆಯಲಿ. ದೋಷವಿದ್ದರೆ ವಾಪಸ್ ಕೊಡುವ ಅವಧಿಯೊಳಗೇ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಲೆನ್ಸನ್ನು ಚರ್ಮದ ಚೀಲದಲ್ಲಿಟ್ಟು ಬೀರುವಿಗೆ ತಳ್ಳಬೇಡಿ, ಚರ್ಮ ತೇವ ಹಿಡಿದಿಡುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವ ಅಳೆಯುವ ಪುಟ್ಟ ಮೀಟರ್ ಇಡಿ. ಮುಳ್ಳು 40ರಿಂದ 50ರ ನಡುವೆ ಇರಬೇಕು. 60 ದಾಟಿದಾಗ ಜೆಲ್ ಹುರಿದು ಒಣಗಿಸಿ, ಪೂರ್ತಿ ಆರಿದ ಮೇಲೆ ಮತ್ತೆ ಡಬ್ಬಕ್ಕೆ ಹಾಕಿ.