ಮೆತ್ತಗಾದ ತೊಡದೇವನ್ನು ಮತ್ತೆ ಗರಿಗರಿ ಮಾಡುವುದು

ಶಿರಸಿಯ ಮಳೆಗಾಲದಲ್ಲಿ ಡಬ್ಬಿಯೊಳಗಿನ ತೊಡದೇವು (ಅಕ್ಕಿ ಹಿಟ್ಟು ಮತ್ತು ಕಬ್ಬಿನ ಹಾಲು ಅಥವಾ ಬೆಲ್ಲದಿಂದ ಮಾಡುವ, ಕಾಗದದಂತೆ ತೆಳುವಾದ ಗರಿಗರಿ ಸಿಹಿ ತಿಂಡಿ) ಮೆತ್ತಗಾಗಿದ್ದರೆ ಸಣ್ಣ ಉರಿಯ ದೋಸೆ ಕಾವಲಿಯ ಮೇಲೆ, ಎಣ್ಣೆ ತುಪ್ಪ ಏನೂ ಸವರದೆ, ಎರಡೂ ಬದಿ ಸ್ವಲ್ಪ ಬಿಸಿ ಮಾಡಿ ತೆಗೆಯಿರಿ. ಅಗಲ ತಟ್ಟೆಯಲ್ಲಿ ಒಂದರ ಮೇಲೊಂದು ಇಡದೆ ಪೂರ್ತಿ ಆರಲು ಬಿಡಿ. ಕಾವಲಿಯಿಂದ ತೆಗೆಯುವಾಗ ಅದು ಇನ್ನೂ ಬಟ್ಟೆಯಂತೆ ಬಾಗುತ್ತದೆ, ಆದರೆ ಗಾಬರಿ ಬೇಡ. ಹೀರಿಕೊಂಡ ತೇವ ಬಿಸಿಗೆ ಹೋಗಿರುತ್ತದೆ. ಕಬ್ಬಿನ ಹಾಲಿನ ಅಥವಾ ಬೆಲ್ಲದ ಸಿಹಿ ಅಂಶ ಬಿಸಿಯಲ್ಲಿ ಮೆದುವಾಗಿದ್ದು ತಣಿದ ಮೇಲೆ ಗಟ್ಟಿಯಾಗುತ್ತದೆ. ಹಾಗಾಗಿ ಗರಿಗರಿ ಬರುವುದು ಆರಿದ ಮೇಲೆಯೇ. ಇನ್ನೂ ಗಟ್ಟಿಯಾಗಲಿ ಎಂದು ಕಾವಲಿಯ ಮೇಲೆ ಹೆಚ್ಚು ಹೊತ್ತು ಬಿಟ್ಟರೆ ಅಂಚು ಕಪ್ಪಾಗಿ ಕಹಿಯಾಗುತ್ತದೆ. ಪದರಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದರೆ ಈ ಉಪಾಯ ನಡೆಯುವುದಿಲ್ಲ. ಅಂಥದ್ದನ್ನು ಬಿಸಿ ಹಾಲಿನಲ್ಲಿ ಕಿವುಚಿ ಮಕ್ಕಳಿಗೆ ಕೊಡಿ, ಅದೂ ಬಹಳ ರುಚಿ. ಮುಗ್ಗಲು ವಾಸನೆ ಬಂದಿದ್ದರೆ ಮಾತ್ರ ಎಸೆಯಲೇಬೇಕು. ಸಂಜೆಯ ಚಹಾಕ್ಕೆ ಎಷ್ಟು ಬೇಕೋ ಅಷ್ಟನ್ನೇ ಬಿಸಿ ಮಾಡಿ, ಏಕೆಂದರೆ ಆಷಾಢದ ಗಾಳಿಗೆ ತೆರೆದಿಟ್ಟರೆ ಬಹಳ ಬೇಗ ಮತ್ತೆ ಮೆತ್ತಗಾಗುತ್ತದೆ. ತುಪ್ಪ ಹಾಕುವುದಾದರೆ ಬಾಯಿಗಿಡುವ ಹೊತ್ತಿಗೆ ಹಾಕಿಕೊಳ್ಳಿ. ಮುರಿದಾಗ ಚಟ್ಟೆಂದು ಸದ್ದು ಕೇಳಿದರೆ ಮನೆಯ ಹಿರಿಯರೂ ಇನ್ನೊಂದಕ್ಕೆ ಕೈ ಚಾಚುತ್ತಾರೆ, ಆದ್ದರಿಂದ ತಲೆಗೆ ಒಂದರಂತೆ ಲೆಕ್ಕ ಹಾಕಬೇಡಿ.