ಕೊಳದ ಅಂದವೆಲ್ಲ ಅಂಚಿನಲ್ಲಿ

ಹಿತ್ತಿಲಲ್ಲಿ ಕೊಳ ಮಾಡಿಸಿದ್ದೇವೆ, ಬಂದು ನೋಡಿ ಎಂದು ಕರೆಯುತ್ತಾರೆ. ಹೋದರೆ ಹೆಚ್ಚಿನ ಕಡೆ ಕಾಣುವುದು ಒಂದೇ: ನೀಲಿ ಟಾರ್ಪಾಲಿನ ಸುತ್ತ ಮಣಿಸರದಂತೆ ಸಮಗಾತ್ರದ ಬಿಳಿ ಕಲ್ಲುಗಳು, ಒಂದು ಬದಿಯಲ್ಲಿ ನೀರು ತುಳುಕುತ್ತಿದ್ದರೆ ಎದುರು ಬದಿಯಲ್ಲಿ ಗೇಣುದ್ದ ಪ್ಲಾಸ್ಟಿಕ್. ಮಳೆಗಾಲದಲ್ಲಿ ನಮ್ಮ ಕರಾವಳಿಯ ಮುರಕಲ್ಲಿನ (ಜಂಬಿಟ್ಟಿಗೆಯ) ಪದವುಗಳಲ್ಲಿ, ಅಂದರೆ ಬೋಳು ದಿಬ್ಬದ ಬಯಲುಗಳಲ್ಲಿ, ತಾನಾಗಿ ನಿಲ್ಲುವ ನೀರನ್ನು ಒಮ್ಮೆ ನೋಡಿ ಬನ್ನಿ. ಒಂದು ಕಡೆ ಕಲ್ಲು ಕಡಿದಾಗಿ ಇಳಿದಿರುತ್ತದೆ, ಇನ್ನೊಂದು ಕಡೆ ಹುಲ್ಲು ನೀರಿನವರೆಗೂ ಬಂದಿರುತ್ತದೆ. ಅದೇ ನಿಮ್ಮ ನಕ್ಷೆ.

ಜಾಗ: ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಬೀಳಬೇಕು, ಇಲ್ಲದಿದ್ದರೆ ನೈದಿಲೆ ಹೂ ಬಿಡುವುದಿಲ್ಲ. ಹಲಸಿನ ಮರದ ಬುಡ ಬೇಡ. ಬೈಲಿನ (ಗದ್ದೆ ಬಯಲಿನ) ತಗ್ಗಂತೂ ಬೇಡವೇ ಬೇಡ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಅಡಿಯಿಂದ ಒರತೆ ಎದ್ದು, ಕೊಳಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಯನ್ನು ಮೇಲಕ್ಕೆ ಉಬ್ಬಿಸುತ್ತದೆ.

ಹೊಂಡ: ತುಲಾ ತಿಂಗಳ (ಅಕ್ಟೋಬರ್–ನವೆಂಬರ್) ಮಳೆ ನಿಂತು ಮಣ್ಣು ಇನ್ನೂ ಹಸಿಯಾಗಿರುವಾಗ ತೋಡಿಸಿ. ನಡುವೆ ಎರಡು ಅಡಿ ಆಳ ಸಾಕು.

ಹಾಳೆ: ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ತೆಳು ನೀಲಿ ಟಾರ್ಪಾಲು ಬಿಸಿಲಿಗೆ ಬೇಗ ಪುಡಿಯಾಗುತ್ತದೆ. 500 ಮೈಕ್ರಾನ್ ದಪ್ಪದ ಕಪ್ಪು ಹಾಳೆಯನ್ನೇ ಕೊಳ್ಳಿ. ಲೆಕ್ಕ ಸರಳ: ಉದ್ದಕ್ಕೆ ಆಳದ ಎರಡರಷ್ಟನ್ನು ಸೇರಿಸಿ, ಅಂಚಿಗೆಂದು ಇನ್ನೆರಡು ಅಡಿ ಕೂಡಿಸಿ, ಅಗಲಕ್ಕೂ ಹಾಗೆಯೇ. ಹತ್ತಡಿ ಉದ್ದ, ಏಳಡಿ ಅಗಲ, ಎರಡಡಿ ಆಳದ ಕೊಳಕ್ಕೆ 16 ಅಡಿ ಉದ್ದ, 13 ಅಡಿ ಅಗಲದ ಹಾಳೆ ಬೇಕು. ಮುರಕಲ್ಲಿನ ಮೊನೆ ಚುಚ್ಚದಂತೆ ಅಡಿಗೆ ಮರಳು ಹಾಸಿ. ಗೋಣಿ ಹಾಸುವವರಿದ್ದಾರೆ, ಅದು ಗೆದ್ದಲಿಗೆ ಹಬ್ಬದೂಟ.

ಅಂಚು: ಇಲ್ಲಿ ಆತುರ ಬೇಡ. ಹಾಳೆ ಹಾಸುವ ಮೊದಲೇ ಹೊಂಡದ ಸುತ್ತ ಗೂಟ ಹೊಡೆದು, ಮೇಸ್ತ್ರಿಗಳು ಬಳಸುವ ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ಮಟ್ಟ ನೋಡಿ. ಕೊಳವೆಯೊಳಗೆ ಗಾಳಿಗುಳ್ಳೆ ಉಳಿದರೆ ಅಳತೆ ಕೆಡುತ್ತದೆ. ಕಣ್ಣಂದಾಜು ನಂಬಬೇಡಿ, ಒಂದು ಬದಿ ಎರಡಂಗುಲ ತಗ್ಗಾದರೆ ಎದುರು ಬದಿಯಲ್ಲಿ ಎರಡಂಗುಲ ಹಾಳೆ ಬರಿದಾಗಿ ನಿಲ್ಲುತ್ತದೆ.

ಬಳಿಕ ಅಂಚಿನ ಒಳಗಡೆ, ನೀರಿನ ಮಟ್ಟಕ್ಕಿಂತ ನಾಲ್ಕಂಗುಲ ಕೆಳಗೆ, ಒಂದಡಿ ಅಗಲದ ಮೆಟ್ಟಿಲು ಕಡಿಯಿರಿ. ಹಾಳೆ ಅದರ ಮೇಲೆ ಹಾದುಹೋಗಲಿ. ಕಲ್ಲುಗಳನ್ನು ಈ ಮೆಟ್ಟಿಲಿನ ಮೇಲೆ, ಅಂದರೆ ಹಾಳೆಯ ಒಳಗಡೆ ಇಡಬೇಕು. ಆಗ ಕಲ್ಲಿನ ಬುಡ ನೀರಲ್ಲಿರುತ್ತದೆ, ಪ್ಲಾಸ್ಟಿಕ್ ಕಾಣುವುದಿಲ್ಲ. ಕಲ್ಲಿನ ಬೆನ್ನಿಗೆ ಹಾಳೆಯನ್ನು ನೆಟ್ಟಗೆ ಎತ್ತಿ, ಅದರ ತುದಿ ನೀರಿಗಿಂತ ಎರಡಂಗುಲ ಮೇಲೆ ನಿಲ್ಲುವಂತೆ ಹೊರಗಿನಿಂದ ಮಣ್ಣು ಒತ್ತಿ. ಎಲ್ಲರೂ ಎಡವುವುದು ಇಲ್ಲೇ. ತುದಿಯನ್ನು ಹೊರಕ್ಕೆ ಮಡಚಿ ಮಣ್ಣಲ್ಲಿ ಹೂತುಬಿಡುತ್ತಾರೆ. ಒಳಗಿನ ಮಣ್ಣೂ ಹೊರಗಿನ ಮಣ್ಣೂ ಒಂದಕ್ಕೊಂದು ತಾಗಿ ನೀರನ್ನು ಸದ್ದಿಲ್ಲದೆ ಹೀರುತ್ತವೆ. ಆಮೇಲೆ ಹಾಳೆಯ ತೂತು ಹುಡುಕುತ್ತಾ ಕೂರುವುದು. ಮುರಕಲ್ಲೂ ನೀರು ಹೀರುವ ಕಲ್ಲೇ, ಅದು ಹಾಳೆಯ ತುದಿ ದಾಟಿ ಹೊರಮಣ್ಣಿಗೆ ತಾಗದಿರಲಿ.

ಕಲ್ಲು ಮುರಕಲ್ಲೇ ಆಗಲಿ, ಆದರೆ ಯಂತ್ರದಲ್ಲಿ ಕೊಯ್ದ ಇಟ್ಟಿಗೆಯಲ್ಲ. ಕ್ವಾರಿಯಲ್ಲಿ ಬಿಸಾಡಿದ ಒಡ್ಡೊಡ್ಡಾದ ತುಂಡುಗಳು. ಒಂದು ಮಳೆಗಾಲ ಸಾಕು, ಅವುಗಳ ಮೇಲೆ ಪಾಚಿ ಹಬ್ಬುತ್ತದೆ. ದೊಡ್ಡವು ಎರಡು ಮೂರು ಒಟ್ಟಿಗಿರಲಿ, ಪಕ್ಕದಲ್ಲಿ ಸಣ್ಣವು, ಮುಂದೆ ಒಂದಷ್ಟು ದೂರ ಕಲ್ಲೇ ಇಲ್ಲದೆ ಒಂದೆಲಗ, ಬಜೆ. ಒಂದು ಬದಿ ಇಳಿಜಾರಾಗಿರಲಿ. ಕಪ್ಪೆಗೂ ಬಿದ್ದ ಓತಿಗೂ ಹತ್ತಿ ಬರಲು ದಾರಿ ಬೇಕು.

ಮೇಲ್ಬದಿಯಲ್ಲಿ ಅಡಿಕೆ ತೋಟದಲ್ಲಿ ಮಾಡುವಂತೆ ಒಂದು ಕಣಿ (ಕಾಲುವೆ) ತೆಗೆದು ಮಳೆನೀರನ್ನು ಬದಿಗೆ ತಿರುಗಿಸಿ. ಇಲ್ಲದಿದ್ದರೆ ಮೊದಲ ಜಡಿಮಳೆಗೇ ಕೊಳ ಕೆಂಪು ರಾಡಿಯಾಗುತ್ತದೆ. ತುಂಬಿದ ನೀರು ಹೊರಹೋಗಲು ಒಂದು ಕಡೆ ಕಲ್ಲಿನ ನಡುವೆ ಸಣ್ಣ ತೋಡು. ಇಷ್ಟೂ ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಯ ವಾರದಲ್ಲಿ ಮಳೆಗಾಲ ಹತ್ತಿರವಾಗುವ ಮೊದಲೇ, ಮುಗಿದಿರಲಿ.

ಗಿಡ, ಮೀನು: ನೈದಿಲೆಯನ್ನು ಜೇಡಿಮಣ್ಣಿನ ಕುಂಡದಲ್ಲಿ ನೆಟ್ಟು ಇಳಿಸಿ. ಗೊಬ್ಬರ ಹಾಕಿದರೆ ನೀರು ಹಸಿರಾಗುತ್ತದೆ. ನೇರಳೆ ಹೂವಿನ ಅಂತರಗಂಗೆಯನ್ನು ಯಾರಾದರೂ ಪ್ರೀತಿಯಿಂದ ಕೊಟ್ಟರೂ ತೆಗೆದುಕೊಳ್ಳಬೇಡಿ. ಸೊಳ್ಳೆಮರಿ ತಿನ್ನಲು ನಮ್ಮ ತೋಡುಗಳಲ್ಲೇ (ಸಣ್ಣ ಹಳ್ಳಗಳಲ್ಲೇ) ಸಿಗುವ, ತಲೆಯ ಮೇಲೆ ಬೆಳ್ಳಿಚುಕ್ಕೆಯ ಮಾನತ್ತುಕಣ್ಣಿ ಎಂಬ ಪುಟ್ಟ ಮೀನು ಸಾಕು. ಹೊರದೇಶದ ಗಪ್ಪಿ ಮೀನು ಬಿಟ್ಟರೆ ಉಕ್ಕಿದ ನೀರಿನೊಂದಿಗೆ ಹೊಳೆ ಸೇರುತ್ತದೆ. ಕಾರಂಜಿ, ಬಣ್ಣದ ದೀಪ, ಸಿಮೆಂಟಿನ ಕೊಕ್ಕರೆ ಮಾರುವವರು ಬಂದರೆ ಗೇಟಿನಲ್ಲೇ ಕಳುಹಿಸಿ. ಪುಟ್ಟ ಮಕ್ಕಳಿರುವ ಮನೆಯಾದರೆ ಎರಡಡಿ ನೀರೂ ಅಪಾಯವೇ. ಅವರು ದೊಡ್ಡವರಾಗುವ ತನಕ ಸುತ್ತ ಬೇಲಿ ಇರಲಿ, ಅಂದ ಕೆಟ್ಟರೂ ಸರಿ.