ವೇಲ್ಸಿನ ಜನರನ್ನು ಕನ್ನಡ ಬರಹದಲ್ಲಿ ಹೆಸರಿಸುವ ಬಗೆ

ಬಳ್ಳಾರಿ ಸೀಮೆಯ ಇತಿಹಾಸ ಬರೆಯುವವರಲ್ಲಿ ಕಂಪನಿ ಆಡಳಿತದ ಬಿಳಿಯರೆಲ್ಲರನ್ನೂ ‘ಇಂಗ್ಲಿಷರು’ ಎಂದುಬಿಡುವ ರೂಢಿಯಿದೆ. ನಿಜಾಮನು ಕಂಪನಿಗೆ ಬಿಟ್ಟುಕೊಟ್ಟ, ಬಳ್ಳಾರಿಯೂ ಸೇರಿದ್ದ ದತ್ತ ಮಂಡಲದ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಗ್ಲಾಸ್ಗೋದಲ್ಲಿ ಹುಟ್ಟಿದ ಸ್ಕಾಟ್ಲೆಂಡಿನವನೆಂಬುದು ಇದರಿಂದ ಮರೆಯಾಗುತ್ತದೆ. ಇಂಗ್ಲೆಂಡಿನ ಪಶ್ಚಿಮಕ್ಕೆ ಅಂಟಿಕೊಂಡಿರುವ ನಾಡಾದ ವೇಲ್ಸಿನವರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು, ಏಕೆಂದರೆ ಅವರಿಗಿರುವ ಹೆಸರುಗಳಲ್ಲಿ ಒಂದು ಪರರು ಇಟ್ಟದ್ದು, ಒಂದು ಅವರದೇ, ಮತ್ತೊಂದು ಹೀಯಾಳಿಕೆಯದು.

ಸಾಮಾನ್ಯ ಬರಹಕ್ಕೆ ‘ವೆಲ್ಷ್ ಜನರು’ ಅಥವಾ ‘ವೇಲ್ಸಿನವರು’ ಸಾಕು. ‘ವೆಲ್ಷ್’ ಎಂಬುದರ ಮೂಲಪದಕ್ಕೆ ಹಳೆಯ ಇಂಗ್ಲಿಷಿನಲ್ಲಿ ‘ಪರಕೀಯ’ ಎಂಬ ಅರ್ಥವಿತ್ತು. ಕಡಲು ದಾಟಿ ಬಂದ ಇಂಗ್ಲಿಷರ ಪೂರ್ವಜರು ಮೊದಲಿನಿಂದ ಅಲ್ಲಿದ್ದವರನ್ನೇ ಪರಕೀಯರೆಂದದ್ದು ವಿಚಿತ್ರವಾದರೂ, ಇಂದು ಆ ಪದದಲ್ಲಿ ಅವಹೇಳನದ ಛಾಯೆಯಿಲ್ಲ. ಆದರೆ ಅದು ಜನರನ್ನೂ ಭಾಷೆಯನ್ನೂ ಸೂಚಿಸುವುದರಿಂದ ‘ವೆಲ್ಷ್ ಜನರು’, ‘ವೆಲ್ಷ್ ಭಾಷಿಕರು’ ಎಂದು ಬಿಡಿಸಿ ಬರೆಯಬೇಕು. 2021ರ ಜನಗಣತಿಯಲ್ಲಿ ವೇಲ್ಸಿನ ಮೂರು ವರ್ಷ ಮೇಲ್ಪಟ್ಟವರ ಪೈಕಿ ಆ ಭಾಷೆ ಮಾತಾಡಬಲ್ಲೆವೆಂದವರು ಶೇ. 17.8 ಮಾತ್ರ.

ಅವರು ತಮ್ಮನ್ನು ಕರೆದುಕೊಳ್ಳುವ ಹೆಸರು ‘ಕಮ್ರಿ’. ‘ಒಂದೇ ನಾಡಿನವರು’ ಎಂಬ ಅರ್ಥದ ಪ್ರಾಚೀನ ಪದದಿಂದ ಬಂದದ್ದು. ರೋಮನ್ ಅಕ್ಷರಗಳನ್ನು ನೋಡಿ ‘ಸಿಮ್ರು’ ಎಂದು ಬರೆಯುವುದು ತಪ್ಪು. ನಾಡಿನ ಹೆಸರಿಗೂ (Cymru) ಜನರ ಹೆಸರಿಗೂ (Cymry) ಕಾಗುಣಿತ ಬೇರೆ, ಉಚ್ಚಾರ ಒಂದೇ. ಆದ್ದರಿಂದ ಉಚ್ಚಾರವನ್ನು ಅನುಸರಿಸುವ ನಮ್ಮ ಲಿಪಿಯಲ್ಲಿ ಎರಡೂ ಒಂದಾಗಿಬಿಡುತ್ತವೆ. ‘ಕಮ್ರಿ ನಾಡು’, ‘ಕಮ್ರಿ ಜನ’ ಎಂದು ಜೊತೆಪದ ಸೇರಿಸಿದರೆ ಗೊಂದಲವಿರದು. ಪದವೇ ಬಹುವಚನವಾದ್ದರಿಂದ ‘ಕಮ್ರಿಗಳು’ ಎನ್ನಬೇಕಿಲ್ಲ. ಒಬ್ಬ ಗಂಡಸಾದರೆ ‘ಕಮ್ರೋ’, ಹೆಂಗಸಾದರೆ ‘ಕಮ್ರಾಯ್ಸ್’, ಭಾಷೆಯಾದರೆ ‘ಕಮ್ರಾಯ್ಗ್’. ನಮ್ಮೂರಿನ ಇಂಗ್ಲಿಷ್ ಹೆಸರು ‘ಬೆಲ್ಲಾರಿ’ ಹೋಗಿ 2014ರ ನವೆಂಬರ್ 1ರಿಂದ ‘ಬಳ್ಳಾರಿ’ ಎಂದು ಸರಿಯಾದುದನ್ನು ಕಂಡ ನಮಗೆ ಇಷ್ಟು ಶ್ರಮ ಅತಿಯೆನಿಸಲಾರದು. ಆದರೂ ಪತ್ರಿಕಾ ವರದಿಯಲ್ಲಿ ‘ಕಮ್ರಿ’ ಬಳಸುವುದಾದರೆ ಮೊದಲ ಸಲ ‘ವೇಲ್ಸಿನ ಕಮ್ರಿ ಜನ’ ಎಂದು ಪರಿಚಯಿಸುವುದು ಲೇಸು.

ವೇಲ್ಸಿನವರನ್ನು ಹೀಯಾಳಿಸುವ ‘ಟ್ಯಾಫಿ’ ಎಂಬುದನ್ನು ಮಾತ್ರ ನಮ್ಮ ಮಾತಾಗಿ ಬಳಸಕೂಡದು. ಡೇವಿಡ್ ಎಂಬುದರ ವೆಲ್ಷ್ ರೂಪವನ್ನು ಇಂಗ್ಲಿಷರು ಉಚ್ಚರಿಸಿದ ಬಗೆಯಿಂದ ಅದು ಹುಟ್ಟಿತೆಂದು ಸಾಮಾನ್ಯವಾಗಿ ವಿವರಿಸುತ್ತಾರೆ. ಹಳೆಯ ಇಂಗ್ಲಿಷ್ ಶಿಶುಪ್ರಾಸವೊಂದು ಟ್ಯಾಫಿಯನ್ನು ಕಳ್ಳನೆಂದೇ ಹಾಡುತ್ತದೆ. ಗೆಳೆಯರ ನಡುವೆ ಸಲಿಗೆಯಿಂದ ನಡೆದೀತು, ಅಪರಿಚಿತನ ಬಾಯಲ್ಲಿ ಅದು ಬೈಗುಳ. ಅನುವಾದಿಸುತ್ತಿರುವ ಕತೆಯ ಪಾತ್ರವೊಂದು ಹಾಗೆ ಕರೆದಿದ್ದರೆ, ಪದವನ್ನು ಹಾಗೆಯೇ ಉಳಿಸಿ, ಅದರ ತಿರಸ್ಕಾರದ ಧ್ವನಿಯನ್ನು ಅಡಿಟಿಪ್ಪಣಿಯಲ್ಲಿ ತಿಳಿಸಬೇಕು.